ನಾಳೆ ಶಿಳ್ಳೆಗೂ ಲೈಸೆನ್ಸ್ ಬೇಕಾದೀತೆ?

ಗಾಂಧಿ ಕ್ಲಾಸ್ ಕಟ್ಟೆಯಿಂದ

ದಾವಣಗೆರೆಯ ಓದುಗ ಮಿತ್ರರೊಬ್ಬರು ಒಂದೇ ಒಂದು ಪ್ರಶ್ನೆ ಬರೆದು ಕಳಿಸಿದ್ದಾರೆ. ಹೆಸರು ಹಾಕಬೇಡಿ ಅಂತ ಬೇರೆ ಅಪ್ಪಣೆ! ಪ್ರಶ್ನೆ ಹೀಗಿದೆ: "ಸಾರ್, ಥಿಯೇಟರಲ್ಲಿ ಸಿಗರೇಟು ಹೋಯ್ತು. ಪಟಾಕಿ ಹೊಡೆದ್ರೆ ಕೇಸು ಅಂತಾರೆ. ಮನೆಯಿಂದ ಕಡ್ಲೇಕಾಯಿ ತಂದ್ರೆ ಒಳಗೆ ಬಿಡಲ್ಲ. ಮೊಬೈಲ್ ಎತ್ತಿದ್ರೆ ಟಾರ್ಚ್ ಬಿಡ್ತಾರೆ. ಇನ್ನು ಹತ್ತು ವರ್ಷ ಕಳೆದ್ರೆ ಶಿಳ್ಳೆ ಹೊಡೆದವನನ್ನೂ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರಾ?"

ಓದಿ ನಗು ಬಂತು. ಆಮೇಲೆ ಯೋಚನೆ ಹತ್ತಿತು. ಯಾಕೆಂದರೆ ಸ್ವಾಮಿ, ಇದುವರೆಗೆ ನಾವು "ಇದನ್ನೆಲ್ಲಾ ಯಾರು ಬ್ಯಾನ್ ಮಾಡ್ತಾರೆ, ಸುಮ್ನಿರಪ್ಪಾ" ಅಂತ ನಕ್ಕು ಬಿಟ್ಟಿದ್ದೆಲ್ಲ ಒಂದೊಂದಾಗಿ ಬ್ಯಾನ್ ಆಗಿದೆ.

ನಂಬಿಕೆ ಬರಲಿಲ್ಲವೇ? ಈ ಪತ್ರಿಕೆ ಕೊಂಡಿರಲ್ಲ, ಆ ಬಸ್ ಸ್ಟ್ಯಾಂಡ್ ಅಂಗಡಿಯನ್ನೇ ಒಮ್ಮೆ ತಿರುಗಿ ನೋಡಿ. ಒಂದು ಕಾಲಕ್ಕೆ ಅಲ್ಲಿ ದಾರಕ್ಕೆ ಕ್ಲಿಪ್ ಹಾಕಿ ಲಾಟರಿ ಟಿಕೆಟ್ ನೇತುಹಾಕುತ್ತಿದ್ದರು. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. ಬಸ್ ಸ್ಟ್ಯಾಂಡಿನ ಹಿಂದುಗಡೆ ಸಾರಾಯಿ ಪ್ಯಾಕೆಟ್ಟು ಸಿಗುತ್ತಿತ್ತು. ಅದೇ ವರ್ಷದ ಜುಲೈ 1ರಿಂದ ಸಾರಾಯಿಯೂ ಹೋಯಿತು. ತೋರಣದ ಹಾಗೆ ತೂಗುತ್ತಿದ್ದ ಗುಟ್ಕಾ ಸರಕ್ಕೆ 2013ರಲ್ಲಿ ನಿಷೇಧ ಬಿತ್ತು. ಬಾಳೆಹಣ್ಣು ಹಾಕಿ ಕೊಡುತ್ತಿದ್ದ ತೆಳು ಪ್ಲಾಸ್ಟಿಕ್ ಕವರಿಗೆ 2016ರಲ್ಲಿ. ಮೊಬೈಲಿನಲ್ಲಿ ಟೀಮ್ ಕಟ್ಟಿ ದುಡ್ಡು ಹಾಕುವ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ತಂದು ಬಾಗಿಲು ಹಾಕಿತು. ಅಂಗಡಿ ಅದೇ, ಕಟ್ಟೆ ಅದೇ, ಅಂಗಡಿಯಾತನೂ ಬಹುಶಃ ಅವನೇ. ಆದರೆ ನಿನ್ನೆಯ ವ್ಯಾಪಾರ ಇವತ್ತಿನ ಅಪರಾಧ!

ನಾನು ಪಿಯುಸಿ ಮೆಟ್ಟಿಲನ್ನು ಅರ್ಧಕ್ಕೇ ಇಳಿದು ಬಂದವನು. ವಕೀಲನಲ್ಲ. ಆದರೆ ಗಾಂಧಿ ಕ್ಲಾಸಿನಲ್ಲಿ ಕೂತವನಿಗೆ ಕಾನೂನು ಹೇಗೆ ಬರುತ್ತೆ, ಯಾವಾಗ ಬರುತ್ತೆ ಅನ್ನೋದು ಚೆನ್ನಾಗಿಯೇ ಕಾಣುತ್ತೆ. ಮೊದಲು ಸಿಗರೇಟಿನ ಕಥೆ ಕೇಳಿ.

* * *

ನಮ್ಮ ಮಾವನ ಕಾಲದಲ್ಲಿ ಟಾಕೀಸಿನೊಳಗೆ ಪ್ರೊಜೆಕ್ಟರ್ ಬೆಳಕು ಕಾಣಿಸುತ್ತಿದ್ದುದೇ ಹೊಗೆಯಿಂದಂತೆ. ಆಪರೇಟರ್ ರೂಮಿನ ಕಿಂಡಿಯಿಂದ ಪರದೆಯ ತನಕ ನೀಲಿ ಬಣ್ಣದ ಕೋಲಿನ ಹಾಗೆ ಬೆಳಕು, ಅದರೊಳಗೆ ಬೀಡಿ ಹೊಗೆಯ ಸುರುಳಿ. ಶುರುವಿನಲ್ಲಿ "ಧೂಮಪಾನ ನಿಷೇಧಿಸಲಾಗಿದೆ" ಅಂತ ಸ್ಲೈಡ್ ಹಾಕುತ್ತಿದ್ದರಂತೆ. ಆ ಸ್ಲೈಡ್ ಓದುತ್ತಲೇ ಬೆಂಕಿಕಡ್ಡಿ ಗೀರುತ್ತಿದ್ದರಂತೆ! ಅದು ಯಾರಿಗೂ ತಪ್ಪು ಅನ್ನಿಸಿರಲಿಲ್ಲ. ಪಕ್ಕದಲ್ಲಿ ಕೈಗೂಸು ಎತ್ತಿಕೊಂಡ ತಾಯಿ ಕೆಮ್ಮುತ್ತಿದ್ದರೆ "ಹೊರಗೆ ಕರ್ಕೊಂಡ್ ಹೋಗಮ್ಮಾ" ಅನ್ನುತ್ತಿದ್ದರೇ ಹೊರತು ಸೇದುವವನನ್ನು ಕೇಳುವವರಿರಲಿಲ್ಲ.

ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಕಾನೂನುಬಾಹಿರ ಅಂದಿತು. 2001ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅದನ್ನೇ ಹೇಳಿತು. ಸಭಾಂಗಣ, ಆಸ್ಪತ್ರೆ, ಶಾಲೆ, ಲೈಬ್ರರಿ, ಕೋರ್ಟು, ರೈಲು ಎಲ್ಲವೂ ಆ ಪಟ್ಟಿಯಲ್ಲಿದ್ದವು. 2003ರಲ್ಲಿ ಕಾಯ್ದೆ ಬಂತು. 2008ರ ಅಕ್ಟೋಬರ್ 2, ಗಾಂಧಿ ಜಯಂತಿಯಂದು ಬಿಗಿ ನಿಯಮ ಜಾರಿಯಾಯಿತು. ಅಷ್ಟು ಹೊತ್ತಿಗೆ ಜನರಿಗೇ ಹೊಗೆ ಸಾಕಾಗಿತ್ತು. ಈಗ ಥಿಯೇಟರಿನೊಳಗೆ ಯಾರಾದರೂ ಕಡ್ಡಿ ಗೀರಲಿ ನೋಡೋಣ. ಪೊಲೀಸ್ ಬೇಡ, ಪಕ್ಕದ ಸೀಟಿನವನೇ ಎದ್ದು ವಿಚಾರಿಸಿಕೊಳ್ಳುತ್ತಾನೆ!

ತೆರೆಯ ಮೇಲಿನ ಸಿಗರೇಟಿನದು ಇನ್ನೊಂದು ಕಥೆ. ನಮ್ಮ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಮದರಾಸಿಗೆ ಹೋಗಿ ರಜನೀಕಾಂತ್ ಆದರು. ಸಿಗರೇಟನ್ನು ಗಾಳಿಗೆ ಎಸೆದು ತುಟಿಯಲ್ಲಿ ಹಿಡಿಯುವ ಸ್ಟೈಲು ದಕ್ಷಿಣ ಭಾರತದ ಹುಡುಗರಿಗೆಲ್ಲ ಹಿಡಿಯಿತು. 2002ರಲ್ಲಿ 'ಬಾಬಾ' ಚಿತ್ರ ಬಂದಾಗ ಪಿಎಂಕೆ ಪಕ್ಷದವರು ಈ ಸೇದುವ ದೃಶ್ಯಗಳ ಮೇಲೆ ದೊಡ್ಡ ಗಲಾಟೆಯನ್ನೇ ಎಬ್ಬಿಸಿದರು. 2005ರಲ್ಲಿ ಅದೇ ಪಕ್ಷದ ಅನ್ಬುಮಣಿ ರಾಮದಾಸ್ ಕೇಂದ್ರದ ಆರೋಗ್ಯ ಮಂತ್ರಿಯಾಗಿದ್ದಾಗ ತೆರೆಯ ಮೇಲೆ ಸೇದುವುದನ್ನೇ ನಿಷೇಧಿಸುವ ಆದೇಶ ಬಂತು. 2009ರಲ್ಲಿ ದೆಹಲಿ ಹೈಕೋರ್ಟು "ಅದು ಕಲಾವಿದನ ಸ್ವಾತಂತ್ರ್ಯಕ್ಕೆ ಅಡ್ಡಿ" ಎಂಬ ವಾದವನ್ನು ಒಪ್ಪಿ ಆ ಆದೇಶವನ್ನು ತಳ್ಳಿಹಾಕಿತು. ಕೊನೆಗೆ 2012ರ ಅಕ್ಟೋಬರ್‌ನಿಂದ ರಾಜಿ ಸೂತ್ರ ಜಾರಿಗೆ ಬಂತು. ಹೀರೋ ಸೇದಬಹುದು, ಆದರೆ ಮೂಲೆಯಲ್ಲಿ ಎಚ್ಚರಿಕೆ ಬರಬೇಕು. ಶುರುವಿನಲ್ಲೊಮ್ಮೆ, ಇಂಟರ್‌ವಲ್ ಆದ ಮೇಲೊಮ್ಮೆ ಆಸ್ಪತ್ರೆಯ ಆ ಜಾಹೀರಾತನ್ನು ನಾವೆಲ್ಲ ನೋಡಲೇಬೇಕು.

ಇಲ್ಲಿಗೇ ಮುಗಿಯಲಿಲ್ಲ ಕಣ್ರೀ. ನಮ್ಮ ರಾಜ್ಯದ 2024ರ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಯಾದ ಮೇಲೆ 21 ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ಇದ್ದದ್ದು 1,000 ರೂಪಾಯಿಗೆ ಏರಿದೆ. ಮಾಲ್ಡೀವ್ಸ್ ದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2007ರ ಜನವರಿ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಅಲ್ಲಿ ಜೀವಮಾನದಲ್ಲೇ ತಂಬಾಕು ಮಾರುವಂತಿಲ್ಲ. ಈ ಕಾನೂನು 2025ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅಂದರೆ ಅಣ್ಣ ಸೇದಿದರೆ ಸರಿ, ತಮ್ಮನಿಗೆ ಮುದುಕನಾದರೂ ಇಲ್ಲ!

* * *

"ಹಾಗಾದ್ರೆ ಸರ್ಕಾರ ಬ್ಯಾನ್ ಮಾಡಿದ್ದೆಲ್ಲ ಸರಿಯಾ?" ಅಂತ ಕೇಳಬೇಡಿ. ಅದಕ್ಕೂ ಉತ್ತರ ಸಿನಿಮಾದಲ್ಲೇ ಇದೆ.

1952ರಲ್ಲಿ ಬಿ.ವಿ. ಕೇಸ್ಕರ್ ಎಂಬವರು ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಸಿನಿಮಾ ಹಾಡು ಕೀಳು ಅಭಿರುಚಿ, ಶಾಸ್ತ್ರೀಯ ಸಂಗೀತವೇ ಮೇಲು ಅನ್ನುವುದು ಅವರ ಖಡಾಖಂಡಿತ ಅಭಿಪ್ರಾಯ. ಆಕಾಶವಾಣಿಯಿಂದ ಚಿತ್ರಗೀತೆಗಳು ಹೆಚ್ಚುಕಡಿಮೆ ಮಾಯವೇ ಆಗಿಹೋದವು. ಜನ ಏನು ಮಾಡಿದರು? ಮೆರವಣಿಗೆ ಹೊರಡಲಿಲ್ಲ, ಕಲ್ಲು ಹೊಡೆಯಲಿಲ್ಲ. ರೇಡಿಯೋದ ಕಿವಿ ಹಿಂಡಿ ಸಿಲೋನ್ ಹಾಕಿದರು! ಸಮುದ್ರದಾಚೆಯ ಕೊಲಂಬೋದಿಂದ ನಮ್ಮದೇ ಹಾಡುಗಳು ನಮ್ಮ ಮನೆಗೆ ಬಂದವು. ಕೇಳುಗರೆಲ್ಲ ಆ ಕಡೆ ವಾಲಿದ್ದು ನೋಡಿ 1957ರ ಅಕ್ಟೋಬರ್‌ನಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಅಂದ ಹಾಗೆ, ಆ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷವರ್ಷವೂ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಬೇಕು. ಕಟ್ಟದೆ ಮನೆಯಲ್ಲಿ ಹಾಡು ಕೇಳಿದರೆ ಅದು ಅಪರಾಧ. ಈ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. ಇವತ್ತು ಜೇಬಿನ ಫೋನಿನಲ್ಲಿ ಲಕ್ಷ ಹಾಡು ಇಟ್ಟುಕೊಂಡು ಓಡಾಡುವ ನಮಗೆ ಇದು ಕಾಮಿಡಿ ಸೀನಿನ ಹಾಗೆ ಕೇಳುತ್ತೆ.

ಈಗ ಎರಡು ಕಥೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಿಗರೇಟಿನ ಕಾನೂನು ನಿಂತಿತು. ಹಾಡಿನ ನಿಷೇಧ ಬಿದ್ದುಹೋಯಿತು. ಯಾಕೆ? ಹೊಗೆ ಪಕ್ಕದವನ ಎದೆಗೂ ಹೋಗುತ್ತಿತ್ತು. ಹಾಡು ಯಾರ ಎದೆಯನ್ನೂ ಸುಡುತ್ತಿರಲಿಲ್ಲ. ಇಷ್ಟೇ ತಕ್ಕಡಿ. ನಾಳೆ ಯಾವುದು ಅಪರಾಧವಾದರೆ ನಾವು ಒಪ್ಪಬೇಕು, ಯಾವುದಕ್ಕೆ ಜಗಳ ಕಾಯಬೇಕು ಅನ್ನುವುದನ್ನು ಇದೇ ತಕ್ಕಡಿಯಲ್ಲಿ ತೂಗಿ ಅಂತೀನಿ ನಾನು.

* * *

ತೂಗೋಣ. ಮೊದಲನೆಯದು ಮೊಬೈಲು.

ಹೀರೋ ಎಂಟ್ರಿ ಆಗುತ್ತಿದ್ದ ಹಾಗೆ ನೂರು ಕೈ ಮೇಲೇಳುತ್ತವೆ. ಶಿಳ್ಳೆ ಹೊಡೆಯೋಕಲ್ಲ, ಸ್ಟೇಟಸ್‌ಗೆ ವಿಡಿಯೋ ಹಿಡಿಯೋಕೆ! ಇದು ನಾಳೆ ಅಪರಾಧ ಆಗಬಹುದು ಅಂತ ನೀವು ಅಂದುಕೊಂಡಿದ್ದರೆ ತಡವಾಯಿತು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಥಿಯೇಟರಿನಲ್ಲಿ ಚಿತ್ರವನ್ನಾಗಲಿ ಅದರ ಒಂದು ಭಾಗವನ್ನಾಗಲಿ ಕದ್ದು ನಕಲು ಮಾಡುವ ಅಥವಾ ಕಳಿಸುವ ಉದ್ದೇಶದಿಂದ ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಶುರುವಾಗಿ ಚಿತ್ರ ನಿರ್ಮಾಣಕ್ಕಾದ ಖರ್ಚಿನ ಶೇಕಡಾ 5ರ ತನಕ ಹೋಗಬಹುದು. ಹತ್ತು ಕೋಟಿ ಚಿತ್ರವಾದರೆ ಲೆಕ್ಕ ಹಾಕಿ, ಐವತ್ತು ಲಕ್ಷ! "ಒಂದು ಭಾಗ" ಅಂತ ಬರೆದಿದ್ದಾರೆ, ಎಷ್ಟು ಸೆಕೆಂಡು ಅಂತ ಬರೆದಿಲ್ಲ. ಇನ್ನು ನಮ್ಮ ರಾಜ್ಯದ ಗೂಂಡಾ ಕಾಯ್ದೆ ಅಂತೀವಲ್ಲ, 1985ರದು, ಅದರ ಉದ್ದನೆಯ ಹೆಸರಿನಲ್ಲೇ ವಿಡಿಯೋ ಪೈರಸಿ ಮಾಡುವವರೂ ಸೇರಿದ್ದಾರೆ.

ಅಭಿಮಾನಕ್ಕೆ ಹಿಡಿದ ಮೂವತ್ತು ಸೆಕೆಂಡಿಗೂ ಇಡೀ ಪಿಕ್ಚರ್ ಕದ್ದು ಮಾರುವವನಿಗೂ ವ್ಯತ್ಯಾಸ ಇಲ್ಲವೇ? ಇದೆ. ಆದರೆ ಆ ವ್ಯತ್ಯಾಸವನ್ನು ಕೋರ್ಟಿನಲ್ಲಿ ನಿಂತು ತೋರಿಸಬೇಕಾದವರು ನೀವು. ಮೊದಲ ದಿನವೇ ಕ್ಲೈಮ್ಯಾಕ್ಸ್ ಊರೆಲ್ಲ ಹಂಚಿದರೆ ಗಲ್ಲಾಪೆಟ್ಟಿಗೆಗೆ ಹೊಡೆತ ಬೀಳುವುದೂ ನಿಜ. ತಕ್ಕಡಿ ಈ ಸಲ ನಮ್ಮ ಕಡೆ ವಾಲುವುದಿಲ್ಲ. ಫೋನು ಜೇಬಿನಲ್ಲಿರಲಿ, ಹೀರೋನ ಕಣ್ಣಲ್ಲಿ ತುಂಬಿಕೊಳ್ಳಿ.

ಎರಡನೆಯದು ಕಟೌಟು. ಇಲ್ಲಿ ಮನಸ್ಸು ಭಾರವಾಗುತ್ತೆ.

ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ಹಿಂದೆಲ್ಲ ನಿಲ್ಲುತ್ತಿದ್ದ ಕಟೌಟುಗಳು ಕೈಯಲ್ಲಿ ಬರೆದವು. ಪ್ಲೈವುಡ್ ಕೊಯ್ದು, ಬಣ್ಣ ಬಳಿದು, ಕಸುಬು ಬಲ್ಲವರು ಸಾರುವೆ ಕಟ್ಟಿ ನಿಲ್ಲಿಸುತ್ತಿದ್ದರು. ದುಬಾರಿ ಬಾಬ್ತು, ಪೇಟೆಗೆ ಮಾತ್ರ. ಆಮೇಲೆ ಫ್ಲೆಕ್ಸ್ ಪ್ರಿಂಟು ಬಂತು. ಕಡಿಮೆ ದುಡ್ಡು, ಒಂದೇ ರಾತ್ರಿ ಕೆಲಸ. ಹುಡುಗರೆಲ್ಲ ಚಂದಾ ಎತ್ತಿದರೆ ಯಾವ ಹಳ್ಳಿಯಲ್ಲಾದರೂ ಆಳೆತ್ತರಕ್ಕೆ ನಾಲ್ಕು ಪಟ್ಟು ಹೀರೋ ನಿಲ್ಲುತ್ತಾನೆ. ಚೌಕಟ್ಟು ಕಬ್ಬಿಣದ್ದು. ಎತ್ತುವವರು ಕಸುಬಿನವರಲ್ಲ, ನಮ್ಮಂಥವರು. ಹೊತ್ತು ನಡುರಾತ್ರಿ, ಮೇಲೆ ಕರೆಂಟಿನ ತಂತಿ.

2024ರ ಜನವರಿ 8ರಂದು ನಟ ಯಶ್ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೂರಣಗಿಯಲ್ಲಿ ಆ ಹಿಂದಿನ ನಡುರಾತ್ರಿ ಹುಡುಗರು ಕಟೌಟ್ ನಿಲ್ಲಿಸುತ್ತಿದ್ದರು. ಚೌಕಟ್ಟು ವಿದ್ಯುತ್ ತಂತಿಗೆ ತಾಗಿತು. ಇಪ್ಪತ್ತರ ಆಸುಪಾಸಿನ ಮೂವರು ಅಲ್ಲೇ ಹೋದರು. ಇನ್ನೂ ಕೆಲವರು ಗಾಯಗೊಂಡು ಆಸ್ಪತ್ರೆ ಸೇರಿದರು. ಯಶ್ ಅವತ್ತೇ ಆ ಊರಿಗೆ ಬಂದು ಮೂರು ಮನೆಗಳ ತಂದೆ-ತಾಯಿಯ ಮುಂದೆ ನಿಂತರು, ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದು ಕೇಳಿಕೊಂಡರು. ಇನ್ನೇನು ಮಾಡಿಯಾರು? ಯಾವ ಹೀರೋ ತಾನೇ ಆ ಹೆತ್ತವರಿಗೆ ಮಗನನ್ನು ವಾಪಸ್ ತಂದುಕೊಟ್ಟಾನು?

ತಂತಿ ಇಲ್ಲದ ಕಡೆಯೂ ಫ್ಲೆಕ್ಸು ಕೊಲ್ಲುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ರಾಜಕೀಯದವರ ಮದುವೆಯ ಬ್ಯಾನರ್ ಬಿತ್ತು. ಹಿಂದಿನಿಂದ ಬಂದ ಟ್ಯಾಂಕರ್ ಹರಿಯಿತು. ಆಕೆಗೂ ಆ ಮದುವೆಗೂ ಏನು ಸಂಬಂಧ?

ನಿಮಗೆ ಗೊತ್ತಿರಲಿ, ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲೇ ಫ್ಲೆಕ್ಸೂ ಸೇರಿದೆ. 2018ರಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತುಹಾಕಿದರು. ಕಾನೂನು ಬಂದು ಅಷ್ಟು ವರ್ಷ ಆಗಿದ್ದರೂ ಸೂರಣಗಿಯ ಹುಡುಗರನ್ನು ಅದು ಉಳಿಸಲಿಲ್ಲ. ಕಾಗದದಲ್ಲಿದ್ದ ಕಾನೂನು ನಡುರಾತ್ರಿ ಹಳ್ಳಿಗೆ ಬಂದು ತಂತಿ ತೋರಿಸೋಲ್ಲ. ಜೊತೆಗಿದ್ದ ಗೆಳೆಯ "ಬೇಡ ಬಿಡ್ರೋ" ಅಂದಿದ್ದರೆ ಉಳಿಸುತ್ತಿತ್ತು.

ಮೂರನೆಯದು ಪಟಾಕಿ ಮತ್ತು ಹಾಲು. 2023ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಮಾಲೇಗಾಂವ್‌ನಲ್ಲಿ 'ಟೈಗರ್ 3' ನಡೆಯುತ್ತಿದ್ದಾಗ ಥಿಯೇಟರಿನ ಒಳಗೇ ರಾಕೆಟ್ ಬಿಟ್ಟರು. ಜನ ಸೀಟು ಬಿಟ್ಟು ಓಡಿದರು. ಪೊಲೀಸರು ಕೇಸು ಹಾಕಿದರು. ಬಾಗಿಲು ಮುಚ್ಚಿದ ಕತ್ತಲೆಯ ಹಾಲಿನಲ್ಲಿ ಬೆಂಕಿ ಅಂದರೆ ಏನು ಅನ್ನೋದನ್ನು 1997ರ ಜೂನ್ 13ರಂದು ದೆಹಲಿಯ ಉಪಹಾರ್ ಥಿಯೇಟರು ತೋರಿಸಿದೆ. ಟ್ರಾನ್ಸ್‌ಫಾರ್ಮರಿನಲ್ಲಿ ಹತ್ತಿದ ಬೆಂಕಿಯ ಹೊಗೆಗೆ 59 ಜನ ಬಲಿಯಾದರು. ಇದರಲ್ಲಿ ತೂಗೋದಕ್ಕೆ ಏನಿದೆ? ಹಾಲಿನ ವಿಷಯ ಬೇರೆ. ಹಾಲು ಯಾರನ್ನೂ ಕೊಲ್ಲೋದಿಲ್ಲ. ಆದರೂ 2016ರಲ್ಲಿ ರಜನೀಕಾಂತ್ ಕಟೌಟಿಗೆ ಹಾಲೆರೆಯುವುದನ್ನು ತಡೆಯಿರಿ ಅಂತ ಬೆಂಗಳೂರಿನ ಕೋರ್ಟಿಗೆ ಅರ್ಜಿ ಹೋಗಿತ್ತು. 2021ರಲ್ಲಿ ಸಲ್ಮಾನ್ ಖಾನ್ ತಾವೇ ಹೇಳಿದರು, ಪೋಸ್ಟರಿಗೆ ಸುರಿಯುವ ಹಾಲನ್ನು ಕುಡಿಯಲು ಇಲ್ಲದವರಿಗೆ ಕೊಡಿ ಅಂತ. ಇದು ಕಾನೂನಿನ ತಕ್ಕಡಿಗೆ ಬರೋದಲ್ಲ, ನಮ್ಮ ನಮ್ಮ ಮನಸ್ಸಿಗೆ ಬಿಟ್ಟದ್ದು. ಕಟೌಟಿನ ಪಾದದಲ್ಲಿ ಹರಿದ ಹಾಲು ಚರಂಡಿಗೆ ಹೋಗುತ್ತೆ. ಅದೇ ಪ್ಯಾಕೆಟ್ಟು ಪಕ್ಕದ ಸರ್ಕಾರಿ ಆಸ್ಪತ್ರೆಗೆ ಹೋದರೆ ಹೀರೋ ಹೆಸರು ಇನ್ನೂ ಎತ್ತರಕ್ಕೆ ನಿಲ್ಲುತ್ತೆ, ಅದೂ ಸಾರುವೆ ಇಲ್ಲದೆ.

* * *

ಈಗ ಅಸಲು ಮಾತಿಗೆ ಬರೋಣ. ಕಾನೂನು ಯಾವಾಗ ಬರುತ್ತೆ? ಹೆಣ ಬಿದ್ದ ಮೇಲೆ. ಬಂದಾಗ ಹೇಗೆ ಬರುತ್ತೆ? ರೋಡ್ ರೋಲರ್ ಥರ. ತಪ್ಪು ಮಾಡಿದವನು, ಮಾಡದವನು ಅಂತ ನೋಡೋದಿಲ್ಲ.

2023ರ ಜನವರಿ 11ರ ಬೆಳಗಿನ ಜಾವ ಚೆನ್ನೈನಲ್ಲಿ ಅಜಿತ್ ಅಭಿನಯದ 'ತುಣಿವು' ಬಿಡುಗಡೆ. ಥಿಯೇಟರ್ ಮುಂದೆ ನಿಧಾನಕ್ಕೆ ಹೋಗುತ್ತಿದ್ದ ಲಾರಿ ಮೇಲೆ ಹತ್ತಿ ಕುಣಿದ ಹುಡುಗನೊಬ್ಬ ಕೆಳಕ್ಕೆ ಹಾರಿ ಪ್ರಾಣ ಬಿಟ್ಟ. ಅದಾದ ಮೇಲೆ ತಮಿಳುನಾಡಿನಲ್ಲಿ ನಸುಕಿನ ನಾಲ್ಕು ಗಂಟೆ ಶೋಗಳಿಗೆ ಅನುಮತಿ ಸಿಗುವುದೇ ನಿಂತಿತು. 2024ರ ಡಿಸೆಂಬರ್ 4ರ ರಾತ್ರಿ ಹೈದರಾಬಾದಿನ ಸಂಧ್ಯಾ ಥಿಯೇಟರಿನಲ್ಲಿ 'ಪುಷ್ಪ 2' ಪ್ರೀಮಿಯರ್. ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ಸತ್ತರು, ಜೊತೆಗಿದ್ದ ಮಗನಿಗೆ ಜೀವಕ್ಕೇ ಅಪಾಯವಾಯಿತು. ಹೀರೋ ಅಲ್ಲು ಅರ್ಜುನ್ ಅವರನ್ನೇ ಬಂಧಿಸಿ, ಮಾರನೆಯ ಬೆಳಗ್ಗೆ ಜಾಮೀನಿನ ಮೇಲೆ ಬಿಟ್ಟರು. ಇನ್ನು ಬೆನಿಫಿಟ್ ಶೋ ಕೊಡೋದಿಲ್ಲ ಎಂದು ತೆಲಂಗಾಣದ ಮುಖ್ಯಮಂತ್ರಿ ವಿಧಾನಸಭೆಯಲ್ಲೇ ಹೇಳಿದರು. ನಮ್ಮಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಆರ್‌ಸಿಬಿ ಗೆಲುವಿನ ಸಂಭ್ರಮ 11 ಜೀವ ತೆಗೆಯಿತು. ಆಗಸ್ಟ್‌ನಲ್ಲಿ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯನ್ನು ವಿಧಾನಸಭೆಗೆ ತಂದಿತು.

ಡಾ. ರಾಜ್‌ಕುಮಾರ್ ನಮ್ಮನ್ನು "ಅಭಿಮಾನಿ ದೇವರುಗಳು" ಅಂತ ಕರೆದರು. ಕಾನೂನಿನ ಪುಸ್ತಕದಲ್ಲಿ ನಮ್ಮ ಹೆಸರು "ಜನಸಂದಣಿ". ದೇವರಾಗಿದ್ದವರು ಸಂದಣಿಯಾದದ್ದು ಹೇಗೆ ಅಂತ ನಾವೇ ಯೋಚಿಸಬೇಕು.

ಹಾಗಂತ ತಪ್ಪೆಲ್ಲ ನಮ್ಮದೇ ಅಂತ ನಾನು ಹೇಳೋದಿಲ್ಲ, ಹೇಳಿದರೆ ಗಾಂಧಿ ಕ್ಲಾಸ್ ನನ್ನನ್ನು ಕ್ಷಮಿಸೋದೂ ಇಲ್ಲ! ಕಾನೂನಿಗೂ ಒಂದು ಕಣ್ಣು ಮೆಳ್ಳಗಣ್ಣು. ಥಿಯೇಟರ್ ಗೇಟಿನಲ್ಲಿ ಐವತ್ತರ ಟಿಕೆಟ್ ನೂರಕ್ಕೆ ಮಾರಿದವನಿಗೆ ಲಾಠಿ. ಅದೇ ಮಾಲ್ ಒಳಗೆ ಹೊಸ ಚಿತ್ರದ ಟಿಕೆಟ್ಟು ಐನೂರು, ಸಾವಿರ ದಾಟಿದರೆ ಅದು ವ್ಯಾಪಾರ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಅಂತ ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಕಡಲೇಕಾಯಿ ಕಥೆಯೂ ಅಷ್ಟೇ. ಹೊರಗಿನ ತಿಂಡಿ ತರಬೇಡಿ ಅನ್ನುವ ಹಕ್ಕು ಥಿಯೇಟರ್ ಮಾಲೀಕರಿಗೆ ಇದೆ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಶುದ್ಧ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಕೈಗೂಸಿನ ಆಹಾರ ತಡೆಯಬಾರದು ಅಂತಲೂ ಅದೇ ತೀರ್ಪಿನಲ್ಲಿದೆ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಮುಂದಿನ ಸಲ "ನೀರಿಗೆ ಅರವತ್ತು ರೂಪಾಯಿ" ಅಂದರೆ, ಜಗಳ ಆಡದೆ, ನಗುತ್ತಲೇ "ಪುಕ್ಕಟೆ ನೀರು ಎಲ್ಲಿಟ್ಟಿದ್ದೀರಿ ಸಾರ್?" ಅಂತ ಕೇಳಿ.

* * *

ದಾವಣಗೆರೆ ಮಿತ್ರರಿಗೆ ಉತ್ತರ ಕೊಟ್ಟುಬಿಡುತ್ತೇನೆ. ಶಿಳ್ಳೆಗೆ ಲೈಸೆನ್ಸ್ ಬರುವುದೋ ಇಲ್ಲವೋ, ಅದು ಶಿಳ್ಳೆಯ ಕೈಲಿಲ್ಲ. ಅಕ್ಕಪಕ್ಕ ನಡೆಯುವ ಉಳಿದ ಆಟಗಳ ಕೈಲಿದೆ. ನಾವು ತಂತಿಗೆ ಚೌಕಟ್ಟು ತಾಗಿಸುತ್ತಾ, ಸೀಟಿನ ಮಧ್ಯೆ ರಾಕೆಟ್ ಬಿಡುತ್ತಾ, ಕಿರಿದಾದ ಗೇಟಿನಲ್ಲಿ ಹೆಂಗಸು-ಮಕ್ಕಳ ಮೇಲೆ ನುಗ್ಗುತ್ತಾ ಹೋದರೆ ಒಂದು ದಿನ ರೋಡ್ ರೋಲರ್ ಬರುತ್ತೆ. ಅವತ್ತು ಫ್ಲೆಕ್ಸಿನ ಜೊತೆಗೆ ಶಿಳ್ಳೆ, ಕುಣಿತ, ಫಸ್ಟ್ ಡೇ ಫಸ್ಟ್ ಶೋ ಎಲ್ಲ ಅದರಡಿಗೇ. ಸಿಲೋನ್ ಕೇಳಿದ ನಮ್ಮ ಹಿರಿಯರು ಗೆದ್ದದ್ದು ಅವರ ಆಸೆಯಲ್ಲಿ ಯಾರಿಗೂ ಪೆಟ್ಟಿರಲಿಲ್ಲ ಅಂತ. ನಮ್ಮ ಶಿಳ್ಳೆಯೂ ಹಾಗೇ ಇರಲಿ. ಆಗ ಅದನ್ನು ನಿಲ್ಲಿಸೋಕೆ ಯಾವ ಮಂತ್ರಿಯಿಂದಲೂ ಆಗೋದಿಲ್ಲ.

ಈ ವಾರ ನಿಮಗೊಂದು ಕೆಲಸ. ಅಭಿಮಾನಿ ಸಂಘದಲ್ಲಿರುವವರು ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆಯಿರಿ. ಎಡಗಡೆ "ಸರ್ಕಾರ ಹೇಳುವ ಮೊದಲೇ ನಾವೇ ಬಿಡೋದು", ಬಲಗಡೆ "ಯಾರು ಹೇಳಿದರೂ ಬಿಡದಿರೋದು" ಅಂತ ಬರೆಯಿರಿ. ನನ್ನ ಹಾಳೆಯ ಎಡಗಡೆ ಮೊದಲನೆಯದು ತಂತಿ ಕೆಳಗಿನ ಕಟೌಟು. ಬಲಗಡೆ ಮೊದಲನೆಯದು ಹೀರೋ ಎಂಟ್ರಿಯ ಶಿಳ್ಳೆ. ನಿಮ್ಮದನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಚೆನ್ನಾಗಿರೋದನ್ನು ಇದೇ ಕಟ್ಟೆಯಲ್ಲಿ ಹಾಕೋಣ.

ಬಸ್ಸು ಹೊರಟಿತೇನೋ, ಹತ್ತಿಕೊಳ್ಳಿ. ಫುಟ್‌ಬೋರ್ಡಿನಲ್ಲಿ ನೇತಾಡಬೇಡಿ ಮಾರಾಯ್ರೇ, ಮುಂದಿನ ವಾರದ ಸಂಚಿಕೆ ಕೊಳ್ಳೋಕೆ ನೀವು ಇರಬೇಕು!